ಮಡಿಚಿ ಹೊಲಿದ ಅಂಚು

ಹದಿನಾಲ್ಕನ್ನೂ ಮುದುಕಿ ಹೊಲಿದುಬಿಟ್ಟಿದ್ದಳು. ಒಂದನ್ನೂ ಬಿಟ್ಟಿರಲಿಲ್ಲ.

ಸಾತೆನಿಕ್ ಬೀಗದ ಕೈಯನ್ನು ಇನ್ನೂ ಬೆರಳಲ್ಲೇ ಹಿಡಿದುಕೊಂಡು, ಕಂಬಿಗೆ ತೂಗುಹಾಕಿದ್ದ ಉಡುಪುಗಳ ಮುಂದೆ ನಿಂತಿದ್ದಳು. ನಿನ್ನೆ ಸಂಜೆ ಹೋಗುವಾಗ ಅವುಗಳ ಅಂಚು ಕತ್ತರಿಸಿದ ಹಾಗೇ ಇತ್ತು. ನೂಲು ಇಳಿಬಿದ್ದಿತ್ತು, ಬಟ್ಟೆ ಬೇಕೆಂದೇ ಸುಕ್ಕಾಗಿತ್ತು. ಈಗ ಪ್ರತಿ ಅಂಚೂ ಒಳಕ್ಕೆ ಮಡಿಚಿಕೊಂಡು, ಕಣ್ಣಿಗೆ ಕಾಣದ ಹೊಲಿಗೆಯಲ್ಲಿ ಮುಚ್ಚಿಹೋಗಿತ್ತು. ಸಾಲದ್ದಕ್ಕೆ ಇಸ್ತ್ರಿ ಬೇರೆ. ತೋಳಿನ ಗೆರೆಯಲ್ಲಿ ಸೇಬು ಹೆಚ್ಚಬಹುದಿತ್ತು.

ಆ ಇಳಿಬಿದ್ದ ನೂಲಿಗಾಗಿ ಅವಳು ಆಂಟ್ವರ್ಪಿನ ಫ್ಯಾಷನ್ ಶಾಲೆಯಲ್ಲಿ ಐದು ವರ್ಷ ಓದಿದ್ದಳು.

ಒಳಕೋಣೆಯಲ್ಲಿ ಪೆರುಝ್ ಚಿಕ್ಕಮ್ಮ ಕಾಫಿ ಕಾಯಿಸುತ್ತಿದ್ದಳು. ನೆಂಟಳೇನಲ್ಲ, ಹೊಲಿಯುವವಳು. ಅರವತ್ತೆಂಟು ವರ್ಷ. ಹದಿನೈದು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ಓವರ್‌ಕೋಟು ಹೊಲಿದಿದ್ದಳು. ಮೊದಲು ಕಾರ್ಖಾನೆ ಹೋಯಿತು, ಆಮೇಲೆ ಸರ್ಕಾರವೇ ಹೋಯಿತು, ಅವಳು ಈ ಯೆರೆವಾನ್ ಊರಿನ ಮನೆಮನೆಗೆ ಪರದೆ ಹೊಲಿದಳು. ಈಗ ಒಂದೂವರೆ ವರ್ಷದಿಂದ ಸಾತೆನಿಕ್‌ಳ ಹತ್ತಿರ ಇದ್ದಾಳೆ.

"ಇದೇನು ಮಾಡಿದಿರಿ, ಚಿಕ್ಕಮ್ಮ?"

"ಏನು ಮಾಡಿದೆ? ಕೆಲಸ ಮಾಡಿದೆ."

"ಅಂಚು ಹಾಗೇ ಬಿಡಿ ಅಂದಿದ್ದೆ."

"ಬಿಟ್ಟಿದ್ದೆನಲ್ಲ ಮೂರು ತಿಂಗಳು! ಕಣ್ಣು ಮುಚ್ಚಿಕೊಂಡು ಬಿಟ್ಟಿದ್ದೆ." ಪೆರುಝ್ ಕಾಫಿ ಉಕ್ಕದಂತೆ ಪಾತ್ರೆಯನ್ನು ಉರಿಯಿಂದ ಎತ್ತಿದಳು. "ಇವತ್ತು ಪ್ಯಾರಿಸ್ಸಿಂದ ಜನ ಬರ್ತಾರೆ ಅಂದೆಯಲ್ಲ. ನಮ್ಮನಮ್ಮಲ್ಲಿ ಹರಕಲು ಹಾಕ್ಕೊಂಡು ಕುಣೀತೀವೋ ಬಿಡ್ತೀವೋ, ಅದು ನಮ್ಮ ಹಣೆಬರಹ. ಅತಿಥಿ ಮುಂದೆ ನೂಲು ನೇತಾಡಿಸಿಕೊಂಡು ನಿಲ್ಲೋಕಾಗತ್ತಾ? ಮಾನ ಮರ್ಯಾದೆ ಬೇಡವಾ?"

"ಅದು ಹರಕಲಲ್ಲ. ಫ್ಯಾಷನ್."

"ಹೌದಮ್ಮಾ. ನಮ್ಮಜ್ಜಿಯನ್ನ ಮರಾಶ್ ಊರಿಂದ ಹೊಡೆದೋಡಿಸಿದಾಗ ಮರಳುಗಾಡು ದಾಟಿ ನಡಕೊಂಡು ಬಂದಳಲ್ಲ, ಆಗ ಅದೇ ಫ್ಯಾಷನ್ ಹಾಕ್ಕೊಂಡಿದ್ದಳು. ಮೈಯೆಲ್ಲ ನೂಲು."

ಆಂಟ್ವರ್ಪಿನಲ್ಲಿ ಕಲಿಸಿದ್ದೇ ಬೇರೆ. ಅಲ್ಲಿನ ಮೇಷ್ಟರು ಒಮ್ಮೆ ಅವಳ ಅಂಗಿಯನ್ನು ತಿರುವಿಹಾಕಿ ನೋಡಿ ಹೇಳಿದ್ದರು: ನಿಮ್ಮ ಕಡೆಯವರು ಎಲ್ಲವನ್ನೂ ಮುಗಿಸಿಬಿಡುತ್ತೀರಿ, ಭಯಬಿದ್ದವರ ಹಾಗೆ, ಮುಗಿಸದೆ ಬಿಡುವುದನ್ನು ಕಲಿ. ಸಾತೆನಿಕ್ ಕಲಿತಳು. ಕಲಿಯುವುದರಲ್ಲಿ ಅವಳು ಯಾವಾಗಲೂ ಮುಂದು.

ಯೆರೆವಾನಿಗೆ ಮರಳಿದ ಮೇಲೆ ಎತ್ತು ಏರಿಗೆ, ಕೋಣ ನೀರಿಗೆ. ಊರಿನ ಹೆಂಗಸರು ಬಂದು ಫೋನಿನಲ್ಲಿ ಇಟಲಿಯ ಗೌನು ತೋರಿಸಿ, "ಥೇಟ್ ಇದೇ ಬೇಕು, ಸೊಂಟ ಮಾತ್ರ ಇನ್ನೊಂದು ಬೆರಳು ಬಿಗಿ" ಎನ್ನುತ್ತಿದ್ದರು. ಹೊರಗಿನಿಂದ ಬಂದ ಇಬ್ಬರು ವ್ಯಾಪಾರಿಗಳು ಅವಳ ಬೂದು ಬಟ್ಟೆಗಳನ್ನು ಮುಟ್ಟಿಯೂ ನೋಡದೆ, "ದಾಳಿಂಬೆ ಹಣ್ಣಿನ ಕಸೂತಿ ಇಲ್ಲವೇ? ನಿಮ್ಮ ಲಿಪಿ? ಕಂಬಳಿಯ ಚಿತ್ತಾರ?" ಎಂದು ಕೇಳಿ ಹೋಗಿದ್ದರು. ಇವಳು ಎರಡೂ ಕಡೆಯವರಿಗೆ ಒಲ್ಲೆ ಎಂದಳು. ತನ್ನದು ಅಂತ ಒಂದಿದೆ, ಅದು ಮುಗಿಸದ ಅಂಚು, ಅದನ್ನು ಯಾರೂ ಕಲಿಸಿದ್ದಲ್ಲ ಎಂದು ನಂಬಿಕೊಂಡಳು. ಕಲಿಸಿದ್ದು ಯಾರೆಂದು ಚೆನ್ನಾಗಿ ಗೊತ್ತಿದ್ದೂ ನಂಬಿಕೊಂಡಳು. ಮೂರು ವರ್ಷ ಆ ನಂಬಿಕೆಯ ಮೇಲೇ ಅಂಗಡಿಯ ಬಾಗಿಲು ತೆರೆದಿತ್ತು.

ಇವತ್ತು ಬರುವವನು ಎತಿಯೆನ್. ಪ್ಯಾರಿಸ್ಸಿನ ಒಂದು ಅಂಗಡಿಗೆ ಬಟ್ಟೆ ಆರಿಸುವವನು. ಅವನು ಹೂಂ ಅಂದರೆ, ಸಾತೆನಿಕ್ ಎಂಬ ಹೆಸರು ಕಾಲರಿನ ಹಿಂದೆ ಬೆರಳಗಲದ ಪಟ್ಟಿಯಾಗಿ ಅಲ್ಲಿ ತೂಗುತ್ತದೆ. ಊಹೂಂ ಅಂದರೆ ಇಟಲಿಯ ಗೌನು, ಸೊಂಟ ಒಂದು ಬೆರಳು ಬಿಗಿ.

ಅವನು ಬರುವುದು ಹನ್ನೊಂದಕ್ಕೆ. ಈಗ ಎಂಟೂ ಮುಕ್ಕಾಲು.

ಅವಳು ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು ಒಂದು ಬೂದು ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡಳು. ಹೊಲಿಗೆಯ ತಲೆ ಸಿಗಲಿಲ್ಲ, ಬಾಲವೂ ಸಿಗಲಿಲ್ಲ. ಎಲ್ಲೋ ಒಂದು ಕಡೆ ಕೊಕ್ಕೆ ಹಾಕಿ ಎಳೆದಳು. ಹೊಲಿಗೆ ಬರಲಿಲ್ಲ, ಬಟ್ಟೆ ಬಂತು. ಕಡಲೆಕಾಳಿನಷ್ಟು ತೂತು.

"ಬಿಚ್ಚೋಕೆ ಬರಲ್ಲ," ಎಂದಳು ಪೆರುಝ್, ಬಾಗಿಲಿಗೆ ಒರಗಿ. "ತಾ ಇಲ್ಲಿ. ನಿನ್ನ ನೋವು ನನಗಿರಲಿ, ಅಳಬೇಡ."

"ನಾನು ಅಳ್ತಿಲ್ಲ."

"ಸರಿ, ಅಳ್ತಿಲ್ಲ."

ಕಾಫಿಯ ಗಸಿ ತಳಕ್ಕೆ ಕೂರುವಷ್ಟು ಹೊತ್ತಿನಲ್ಲಿ ಅಂಗಿ ವಾಪಸು ಬಂತು. ಸಾತೆನಿಕ್ ಬೆಳಕಿಗೆ ಹಿಡಿದು ಹುಡುಕಿದಳು. ತೂತು ಎಲ್ಲಿತ್ತೆಂದು ಗೊತ್ತಾಗಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

ಎತಿಯೆನ್ ಹತ್ತೂವರೆಗೇ ಬಂದ. ಹೊತ್ತಿಗೆ ಮುಂಚೆ ಬರುವವರು ಈ ಊರಿನಲ್ಲಿ ಪೊಲೀಸರು ಮಾತ್ರ. ನಲವತ್ತರ ಆಸುಪಾಸು, ಒಳ್ಳೆಯ ಹಲ್ಲು, ಕಾಲುಚೀಲವಿಲ್ಲದ ಶೂ. ಮೈಮೇಲೆ ಬಿಳಿ ಲಿನನ್ ಅಂಗಿ, ಮುದುರಿ ಜೇಬಿನಲ್ಲಿಟ್ಟು ತೆಗೆದು ಹಾಕಿಕೊಂಡಂತಿತ್ತು. ಅದರ ಬೆಲೆ ಎಷ್ಟೆಂದು ಸಾತೆನಿಕ್‌ಗೆ ಗೊತ್ತಿತ್ತು. ಪೆರುಝ್‌ಗೆ ಗೊತ್ತಿರಲಿಲ್ಲ.

"ಅಯ್ಯೋ ಪಾಪ, ಹೆಂಡತಿ ಇಲ್ಲವೇನೋ ಇವನಿಗೆ?"

"ಚಿಕ್ಕಮ್ಮ, ಸುಮ್ಮನಿರಿ."

"ಏನಂತಾರೆ ಇವರು?" ಎಂದು ಎತಿಯೆನ್ ಇಂಗ್ಲಿಷಿನಲ್ಲಿ ಕೇಳಿದ.

"ಸ್ವಾಗತ ಅಂತಾರೆ."

ಪೆರುಝ್ ಸ್ವಾಗತವನ್ನು ಅಷ್ಟಕ್ಕೇ ಬಿಡುವವಳಲ್ಲ. ಅವನ ಎದುರು ನಿಂತು, ತನ್ನ ಕಾಲರು ಮುಟ್ಟಿಕೊಂಡು, ಆಮೇಲೆ ಅವನ ಕಾಲರು ತೋರಿಸಿ, ಇಸ್ತ್ರಿಪೆಟ್ಟಿಗೆಯ ಕಡೆ ಕೈಮಾಡಿದಳು. "ಬಿಚ್ಚಪ್ಪಾ, ಬಿಚ್ಚು. ಎರಡೇ ನಿಮಿಷ. ಬೀದೀಲಿ ಯಾರಾದರೂ ನೋಡಿದರೆ ನಮ್ಮ ಮನೇಲಿ ಇಸ್ತ್ರಿಪೆಟ್ಟಿಗೆ ಇಲ್ಲ ಅಂದ್ಕೋತಾರೆ."

ಸಾತೆನಿಕ್ ನೆಲ ನೋಡಿದಳು. ಎತಿಯೆನ್ ಒಂದು ಕ್ಷಣ ಬೆಪ್ಪಾಗಿ, ಆಮೇಲೆ ಹೋ ಎಂದು ನಕ್ಕು, ಅಂಗಿ ಬಿಚ್ಚಿ ಕೊಟ್ಟ. ಒಳಬನಿಯನ್ನಿನಲ್ಲೇ ಕುಳಿತು ಕಾಫಿ ಕುಡಿದ, ಗಾತಾ ಎಂಬ ಸಿಹಿರೊಟ್ಟಿ ಮೂರು ತಿಂದ. ತುಪ್ಪ ಹಿಡಿದ ರೊಟ್ಟಿಯ ಪುಡಿ ಅವನ ಎದೆಗೂದಲಿಗೆ ಅಂಟಿತು. ಒಳಗಿನಿಂದ ಇಸ್ತ್ರಿಯ ಬುಸಬುಸ ಕೇಳಿಸುತ್ತಿತ್ತು. ಜಗತ್ತಿನ ಫ್ಯಾಷನ್ ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದರ ಬಗ್ಗೆ ಅವಳು ಹದಿನೈದು ದಿನದಿಂದ ತಯಾರು ಮಾಡಿಕೊಂಡಿದ್ದ ಮಾತುಗಳನ್ನು ಬನಿಯನ್ನಿನಲ್ಲಿ ಕುಳಿತವನ ಮುಂದೆ ಆಡಲು ಬಾಯಿ ಬರಲಿಲ್ಲ.

ಅಂಗಿ ಬಂತು. ಹಾಕಿಕೊಂಡ. ಶಾಲೆಯ ಮೊದಲ ದಿನದ ಹುಡುಗನಂತೆ ಕಂಡ. ಎದ್ದು ಕಂಬಿಯ ಹತ್ತಿರ ಹೋದ.

ಮೊದಲನೆಯದನ್ನು ನೋಡಿದ. ಎರಡನೆಯದನ್ನು ತಿರುವಿ ನೋಡಿದ. ಮೂರನೆಯದರ ಅಂಚಿಗೆ ಬೆರಳಿಟ್ಟು ಉದ್ದಕ್ಕೂ ಎಳೆದುಕೊಂಡು ಹೋಗಿ ನಿಂತ. ಕ್ಷಮೆ ಕೇಳುವ ವಾಕ್ಯ ಸಾತೆನಿಕ್‌ಳ ನಾಲಿಗೆಯ ತುದಿಯಲ್ಲಿತ್ತು.

"ಹೊಲಿಗೆ ಎಲ್ಲಿದೆ?"

"ಇದೆ. ಒಳಗೆ."

"ಕಾಣ್ತಿಲ್ಲ."

"ಹೌದು."

ಅವನು ನಾಲ್ಕನೆಯದಕ್ಕೆ ಹೋದ, ಐದನೆಯದಕ್ಕೆ ಹೋದ. ಕೊನೆಯಲ್ಲಿ ಕಪ್ಪು ಕೋಟಿನ ಹತ್ತಿರ ಬಂದ. ಅದು ಅವಳ ಹೆಮ್ಮೆಯ ಕೋಟು. ಮುಂಭಾಗದಲ್ಲಿ ಗುಂಡಿಯಿಲ್ಲ, ತೆರಪಿಲ್ಲ. ಕೊರಳಿನಿಂದ ಮೀನಖಂಡದವರೆಗೆ ಕಂಬದಂತೆ ಒಂದೇ ಸಪೂರ. ಬೆನ್ನ ನಡುವೆ ಒಂದೇ ಹೊಲಿಗೆ, ಅದರ ಮೇಲ್ತುದಿಯಲ್ಲಿ ತಲೆ ತೂರಿಸಲು ಗೇಣುದ್ದದ ಸೀಳು. ಅಷ್ಟೇ. ಅವನು ಅದರ ಕೆಳಗೆ ಕುಕ್ಕುರುಗಾಲಲ್ಲಿ ಕುಳಿತೇಬಿಟ್ಟ.

"ಗೊತ್ತಾ ನಿಮಗೆ," ಎಂದ, "ನಾಲ್ಕು ವರ್ಷದಿಂದ ಎಲ್ಲರೂ ನನಗೆ ನೂಲು ತೋರಿಸ್ತಿದ್ದಾರೆ. ಟೋಕಿಯೋದಲ್ಲಿ ನೂಲು, ಬರ್ಲಿನ್ನಿನಲ್ಲಿ ನೂಲು. ಹರಿದ ಅಂಚು ನೋಡಿ ನೋಡಿ ಸಾಕಾಗಿಹೋಯ್ತು. ನೀವು ಮುಚ್ಚಿದಿರಿ. ಈ ಕಾಲದಲ್ಲಿ ಮುಚ್ಚೋದಕ್ಕೆ ಧೈರ್ಯ ಬೇಕು."

ಸಾತೆನಿಕ್ ಕೋಟಿನ ತೋಳನ್ನು ಇನ್ನಷ್ಟು ನೇರ ಮಾಡಿದಳು. ಅದೂ ಧೈರ್ಯದಂತೆ ಕಂಡಿರಬೇಕು.

"ಇದು ನಿಮ್ಮ ಜನದ್ದು, ಅಲ್ಲವಾ? ಈ ಮುಗಿಸುವ ಹಟ."

"ಮರಾಶಿನ ಕೈ," ಎಂದಳು. ತನ್ನ ಬಾಯಿಂದ ಪೆರುಝ್‌ಳ ಅಜ್ಜಿಯ ಊರಿನ ಹೆಸರು ಬಂದದ್ದು ಅವಳಿಗೇ ಆಶ್ಚರ್ಯ. ಅವಳ ಹಿರೀಕರು ಮರಾಶಿನವರಲ್ಲ, ಲೋರಿಯ ಹಳ್ಳಿಯವರು, ದನ ಕಾಯುತ್ತಿದ್ದರು.

"ಅದ್ಭುತ. ಯಾರ ಕೈ ಇದು?"

ಪೆರುಝ್ ಖಾಲಿ ಬಟ್ಟಲುಗಳನ್ನು ತಟ್ಟೆಗೆ ಎತ್ತಿಡುತ್ತಿದ್ದಳು. ಇಂಗ್ಲಿಷ್ ಅವಳಿಗೆ ಬರುವುದಿಲ್ಲ. ಸಾತೆನಿಕ್ ಅವಳ ಕಡೆ ನೋಡಲಿಲ್ಲ. ನೋಡದಿರಲು ಕುತ್ತಿಗೆಯನ್ನು ಬಿಗಿಹಿಡಿಯಬೇಕಾಯಿತು.

"ನನ್ನದು," ಎಂದಳು. ಎದೆಯ ಮೇಲೆ ಅಂಗೈ ಇಟ್ಟುಕೊಂಡು ಹೇಳಿದಳು. ಕೈ ತಾನಾಗಿ ಹೋಗಿತ್ತು.

ಬಟ್ಟಲುಗಳ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಸಾತೆನಿಕ್‌ಗೆ ನಾಚಿಕೆಯಾಯಿತು. ಆದರೂ ಮಾತನ್ನು ತಿದ್ದಲಿಲ್ಲ. ತಿದ್ದಲು ಐದು ಸೆಕೆಂಡಿತ್ತು, ಹತ್ತಿತ್ತು, ಆಮೇಲೆ ಎತಿಯೆನ್ ಕೈಕುಲುಕುತ್ತಿದ್ದ.

ಹದಿನಾಲ್ಕನ್ನೂ ತೆಗೆದುಕೊಳ್ಳುತ್ತಾನೆ. ಚಳಿಗಾಲಕ್ಕೆ ಇನ್ನಷ್ಟು ಬೇಕು. ಒಂದೇ ಒಂದು ಕೋರಿಕೆ: ಅರ್ಧ ನಿಮಿಷದ ವಿಡಿಯೋ. ಆ ಕಪ್ಪು ಕೋಟು ಹಾಕಿಕೊಂಡು ಅವಳು ಸೂಜಿ ಹಿಡಿದು ಅಂಚು ಹೊಲಿಯುತ್ತಿರಬೇಕು. ಮುಖವೂ ಕೈಯೂ ಒಟ್ಟಿಗೆ ಕಾಣಬೇಕು. ಇವತ್ತು ಐದರೊಳಗೆ ಕಳಿಸಿದರೆ ಪ್ಯಾರಿಸ್ಸಿನಲ್ಲಿ ಅಂಗಡಿಯ ಒಡತಿಗೆ ತೋರಿಸುತ್ತಾನೆ. "ಒಬ್ಬ ಹೆಣ್ಣು, ಒಂದು ಸೂಜಿ. ನಮ್ಮ ಗಿರಾಕಿಗಳು ಕೊಳ್ಳೋದು ಅದನ್ನೇ."

ಅವನು ಹೋಗುವಾಗ ಪೆರುಝ್ ಅವನ ಭುಜದ ಮೇಲಿನ ಧೂಳು ಝಾಡಿಸಿದಳು. "ಮೆರ್ಸಿ," ಎಂದಳು. ಯೆರೆವಾನಿನಲ್ಲಿ ತರಕಾರಿಯವನಿಗೂ ಥ್ಯಾಂಕ್ಸಿಗೆ ಹಾಗೇ ಅನ್ನುವುದು. ಅವನು ತನಗಾಗಿ ಫ್ರೆಂಚ್ ಆಡಿದಳೆಂದು ಕರಗಿಹೋದ.

ಮಧ್ಯಾಹ್ನ ತೆಳು ಲವಾಶ್ ರೊಟ್ಟಿಯಲ್ಲಿ ಗಿಣ್ಣು, ಸೊಪ್ಪು ಸುತ್ತಿಕೊಂಡು ಇಬ್ಬರೂ ಎದುರುಬದುರು ಕುಳಿತು ತಿಂದರು. ಒಬ್ಬರ ಅಗಿತ ಇನ್ನೊಬ್ಬರಿಗೆ ಕೇಳಿಸುತ್ತಿತ್ತು.

"ಒಪ್ಪಿದನಾ?"

"ಒಪ್ಪಿದ."

"ಎಲ್ಲಾನೂ?"

"ಎಲ್ಲಾನೂ."

"ಹೊಲಿದದ್ದೂ?"

"ಹೊಲಿಗೆ ಚೆನ್ನಾಗಿದೆ ಅಂದ."

"ಹೂಂ." ಪೆರುಝ್ ಸೊಪ್ಪಿನ ದಂಟು ಮುರಿದಳು. "ಎದೆ ಮುಟ್ಟಿಕೊಂಡು ಏನೋ ಹೇಳಿದೆಯಲ್ಲ?"

"ಥ್ಯಾಂಕ್ಸ್ ಅಂದೆ."

"ಚಿಕ್ಕ ಮಾತು."

"ಹೌದು."

"ಅದಕ್ಕೆ ಕಿವಿ ಯಾಕೆ ಕೆಂಪಾಯ್ತು ನಿಂಗೆ?"

ಸಾತೆನಿಕ್ ಎದ್ದು ಕೈ ತೊಳೆದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಳು.

ಎರಡು ಗಂಟೆಗೆ, ಪೆರುಝ್ ಒಳಗೆ ಕಣ್ಣು ಮುಚ್ಚಿಕೊಂಡಿದ್ದಾಗ, ಅವಳು ಒಂದು ತುಂಡು ಬಟ್ಟೆಯ ಮೇಲೆ ಆ ಹೊಲಿಗೆ ಹಾಕಿ ನೋಡಿದಳು. ಕೋಳಿ ಕೆದಕಿದಂತೆ ಬಂತು. ಇನ್ನೊಮ್ಮೆ ಹಾಕಿದಳು. ಇನ್ನೊಂದು ಕೋಳಿ. ಆಂಟ್ವರ್ಪಿನಲ್ಲಿ ಬಟ್ಟೆಯ ಬಗ್ಗೆ ಯೋಚಿಸುವುದನ್ನು ಹೇಳಿಕೊಟ್ಟಿದ್ದರು, ಕತ್ತರಿಸುವುದನ್ನು ಹೇಳಿಕೊಟ್ಟಿದ್ದರು; ಸೂಜಿಯ ಕೆಲಸಕ್ಕೆ ಬೇರೆ ಹೆಂಗಸರಿದ್ದರು, ಅವರೂ ಎಲ್ಲೆಲ್ಲಿಂದಲೋ ಬಂದವರು. ಮೂರರ ಹೊತ್ತಿಗೆ ಹೆಬ್ಬೆರಳಿನಿಂದ ರಕ್ತ ಬಂತು. ಬಿಳಿ ತುಂಡನ್ನು ಮಡಿಚಿ ಜೇಬಿಗೆ ಹಾಕಿಕೊಂಡಳು.

"ಚಿಕ್ಕಮ್ಮ."

"ಹೇಳು." ಪೆರುಝ್ ಮಲಗಿರಲಿಲ್ಲ.

"ಒಂದು ವಿಡಿಯೋ ಬೇಕಂತೆ. ಹೊಲಿಯೋದು."

"ತೆಗಿ. ತಲೆ ಬಾಚಿಕೊಂಡು ಬರ್ತೀನಿ."

"ಅಲ್ಲ. ಮುಖ ನಂದು ಬೇಕಂತೆ."

"ಕೈ?"

ಸಾತೆನಿಕ್ ರಕ್ತ ಬಂದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡಳು.

"ಓಹೋ." ಪೆರುಝ್ ಎದ್ದು ಕುಳಿತು, ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡಳು. ಒಂದು ಚಪ್ಪಲಿ, ಆಮೇಲೆ ಇನ್ನೊಂದು. "ನನ್ನ ಮುಖಕ್ಕೇನಾಗಿದೆ ಅಂತ ಕೇಳಲ್ಲ. ಕನ್ನಡಿ ನಮ್ಮನೇಲೂ ಇದೆ. ಹೆಂಗೆ ಮಾಡೋದು ಹೇಳು."

ಹೇಗೆ ಮಾಡುವುದೆಂದು ಕೊನೆಗೆ ಪೆರುಝೇ ಹೇಳಿದಳು. ಕಪ್ಪು ಕೋಟಿನ ಬೆನ್ನು ಬಿಚ್ಚಬೇಕು. ಸಾತೆನಿಕ್ ಅದರೊಳಗೆ ತೋಳು ಹಾಕದೆ ನಿಲ್ಲಬೇಕು, ಕೈಗಳನ್ನು ಮೈಗಂಟಿಸಿಕೊಂಡು. ಪೆರುಝ್ ಹಿಂದಿನಿಂದ ತನ್ನ ಕೈಗಳನ್ನು ತೂರಿಸಿ ಕೋಟಿನ ತೋಳುಗಳಲ್ಲಿ ಹಾಯಿಸಿ ಮುಂದೆ ಹೊಲಿಯಬೇಕು. "ನಮ್ಮ ಕಾರ್ಖಾನೇಲಿ ಹೊಸ ವರ್ಷದ ದಿನ ಹೀಗೇ ಆಡ್ತಿದ್ವಿ. ನಗೋದಕ್ಕೆ."

ಅವಳು ಕೋಟಿನ ಬೆನ್ನು ತಡವಿ, ಎಲ್ಲಿಂದಲೋ ಒಂದು ಎಳೆ ಹಿಡಿದು, ಒಂದೇ ಸಲ ಎಳೆದಳು. ಕೊರಳಿನಿಂದ ಅಂಚಿನವರೆಗೆ ಹೊಲಿಗೆ ಸರ್ರನೆ ಬಿಟ್ಟುಕೊಂಡಿತು. ಬಟ್ಟೆಗೆ ಗೀರೂ ಬೀಳಲಿಲ್ಲ.

"ಬೆಳಿಗ್ಗೆ ಬಿಚ್ಚೋಕೆ ಬರಲ್ಲ ಅಂದಿರಿ."

"ನಿನಗೆ ಬರಲ್ಲ ಅಂದೆ."

ಫೋನನ್ನು ಮೇಜಿನ ಮೇಲೆ ದಾರದ ಪೆಟ್ಟಿಗೆಗೆ ಒರಗಿಸಿಟ್ಟರು. ಸಾತೆನಿಕ್ ನಿಂತಳು. ಬೆನ್ನಿಗೆ ಮುದುಕಿಯ ಎದೆ ತಾಗಿತು, ಕಿವಿಯ ಹತ್ತಿರ ಗಿಣ್ಣಿನ ವಾಸನೆಯ ಉಸಿರು. ಕೋಟಿನ ತೋಳುಗಳಿಂದ ಎರಡು ಕೈಗಳು ಹೊರಬಂದವು: ಕಂದು ಚುಕ್ಕೆ, ಉಬ್ಬಿದ ಗೆಣ್ಣು, ಸೂಜಿ ಚುಚ್ಚದಂತೆ ಬೆರಳಿಗೆ ತವರದ ಟೋಪಿ. ಅವು ಒಂದು ತುಂಡು ಬಟ್ಟೆ ಎತ್ತಿಕೊಂಡು, ಅವಳನ್ನು ಕೇಳದೆ, ಹೊಲಿಯತೊಡಗಿದವು. ಪೆರುಝ್‌ಗೆ ಮುಂದಿನದು ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ.

ಸಾತೆನಿಕ್ ಮುಖದಲ್ಲಿ ಏಕಾಗ್ರತೆ ತಂದುಕೊಂಡಳು. ಅದು ಸುಲಭವಾಗಿ ಬಂತು. ಅರ್ಧ ನಿಮಿಷದ ಮಟ್ಟಿಗೆ ಆ ಕೈಗಳು ನಿಜಕ್ಕೂ ತನ್ನವು ಅನ್ನಿಸಿ, ಅವಳಿಗೆ ಸುಖವಾಯಿತು. ಇಂಥ ಸುಖ ಅವಳಿಗೆ ಈ ಮೂರು ವರ್ಷದಲ್ಲಿ ಆಗಿರಲಿಲ್ಲ.

"ಸಾಕಾ?" ಎಂದು ಕಿವಿಯಲ್ಲಿ ಕೇಳಿತು.

"ಸಾಕು."

ಕೈಗಳು ಹೋದವು. ಸಾತೆನಿಕ್ ಬಿಚ್ಚಿದ ಬೆನ್ನಿನಿಂದ ಬಲಗೈ ಹೊರತೆಗೆದು ವಿಡಿಯೋ ಕಳಿಸಿದಳು, ಫೋನನ್ನು ಮತ್ತೆ ದಾರದ ಪೆಟ್ಟಿಗೆಗೆ ಒರಗಿಸಿದಳು. ನಾಲ್ಕೂ ಐವತ್ತು. ಕೋಟಿನಿಂದ ಹೊರಬರಲು ಭುಜ ಸರಿಸಿದಳು.

"ತಾಳು," ಎಂದಳು ಪೆರುಝ್. "ಕೈ ಒಳಗೇ ಇಟ್ಕೊ. ಬೆನ್ನು ಹಾಗೇ ಬಿಚ್ಚಿಟ್ಟು ಹೋದರೆ ನನಗೆ ಬಸ್ಸಲ್ಲಿ ಉಸಿರು ಕಟ್ಟತ್ತೆ."

"ನಾಳೆ ಹೊಲಿಯಿರಿ."

"ಮೈಮೇಲಿದ್ದರೆ ಸರಿಯಾಗಿ ಕೂರತ್ತೆ. ಬಾಯಿ ತೆಗಿ."

"ಯಾಕೆ?"

"ಮೈಮೇಲಿರೋ ಬಟ್ಟೆ ಹೊಲಿವಾಗ ದಾರ ಕಚ್ಚಿಕೊಂಡಿರಬೇಕು. ಇಲ್ಲದಿದ್ದರೆ ಬುದ್ಧಿಗೂ ಹೊಲಿಗೆ ಬೀಳತ್ತೆ. ನಿಮ್ಮಮ್ಮ ಹೇಳಿಕೊಟ್ಟಿಲ್ಲವಾ? ಕಚ್ಚು. ಮಾತಾಡಬೇಡ."

ಕಪ್ಪು ದಾರದ ಒಂದು ತುಂಡು ಅವಳ ಹಲ್ಲುಗಳ ನಡುವೆ ಬಂತು. ಎಣ್ಣೆಯ, ಕಬ್ಬಿಣದ ರುಚಿ. ಸೂಜಿ ಕಾಲಿನ ಕಡೆಯಿಂದ ಮೇಲೇರತೊಡಗಿತು. ಮಂಡಿಯ ಹಿಂದೆ, ತೊಡೆಯ ಹಿಂದೆ, ಸೊಂಟ. ಬಟ್ಟೆ ಒಂದೊಂದೇ ಬೆರಳಿನಷ್ಟು ಬಿಗಿಯಾಯಿತು. ಕೈಗಳು ತೊಡೆಗಂಟಿ ನಿಂತವು. ಪೆರುಝ್ ಏನೂ ಮಾತಾಡಲಿಲ್ಲ, ಗೊಣಗಲೂ ಇಲ್ಲ. ಮೇಲಿನ ಗೇಣುದ್ದ ಬಿಡುತ್ತಾಳೆ ಎಂದುಕೊಂಡಳು ಸಾತೆನಿಕ್. ತಲೆ ಹೊರಬರಲು ಅದೊಂದೇ ದಾರಿ. ಸೂಜಿ ಅಲ್ಲಿಗೆ ಬಂದು, ನಿಲ್ಲದೆ, ಮುಂದೆ ಹೋಯಿತು. ಕುತ್ತಿಗೆಯ ಹಿಂದಿನ ಸಣ್ಣ ಕೂದಲುಗಳಿಗೆ ಉಸಿರು ತಾಗಿತು. ಹಲ್ಲಿನಿಂದ ದಾರ ಕಡಿದ ಸದ್ದು ಕೇಳಿಸಿತು.

ಪೆರುಝ್ ಎದುರಿಗೆ ಬಂದು ನಿಂತಳು. ಭುಜ ನೀವಿದಳು, ಖಾಲಿ ತೋಳುಗಳ ಗೆರೆ ಸರಿಪಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಈಗ ಸರಿಹೋಯ್ತು," ಎಂದಳು. ತಲೆವಸ್ತ್ರ ಕಟ್ಟಿಕೊಂಡಳು, ಚೀಲ ತೆಗೆದುಕೊಂಡಳು. ಬಾಗಿಲಲ್ಲಿ ತಿರುಗಿ, "ನಿನ್ನ ನೋವು ನನಗಿರಲಿ" ಎಂದಳು. ಊರಿನಲ್ಲಿ ಎಲ್ಲರೂ ಎಲ್ಲರಿಗೂ ಅನ್ನುವ ಮಾತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಮರೆತಿರಬೇಕು, ಈಗ ವಾಪಸು ಬರುತ್ತಾಳೆ ಎಂದು ಸಾತೆನಿಕ್ ಕಾದಳು. ಮೊಣಕೈ ಮಡಿಸಲು ನೋಡಿದಳು. ಆಗಲಿಲ್ಲ. ಹೊಲಿಗೆ ಹರಿಯಲೆಂದು ಭುಜ ಉಬ್ಬಿಸಿದಳು. ಪೆರುಝ್ ಹಾಕಿದ ಹೊಲಿಗೆ. ಅವಳಿಗೇ ಮೊದಲು ಉಸಿರು ಕಟ್ಟಿತು.

ಫೋನು ಬೆಳಗಿತು. ಎತಿಯೆನ್. "ಒಡತಿ ಅಳುತ್ತಿದ್ದಾಳೆ. ಎಂಥ ಕೈಗಳು ನಿಮ್ಮವು! ಬೇಗ ಕರೆ ಮಾಡಿ." ಓದುವಷ್ಟರಲ್ಲಿ ಪರದೆ ಆರಿತು. ಮತ್ತೆ ಬೆಳಗಿ ರಿಂಗಾಯಿತು. ಅವಳು ಅದರ ಮುಂದೆ ಹೋಗಿ ನಿಂತಳು. ರಿಂಗು ನಿಲ್ಲುವವರೆಗೂ ನೋಡಿದಳು.

ಬೀದಿಯ ಕಡೆಯ ಗಾಜಿನ ಆಚೆ ಯಾರೋ ಒಬ್ಬ ಹೆಂಗಸು, ಎತ್ತರದ ಹಿಮ್ಮಡಿ, ಕೈಯಲ್ಲಿ ಏಪ್ರಿಕಾಟಿನ ಚೀಲ, ನಡೆಯುತ್ತಿದ್ದವಳು ನಿಂತಳು. ಯೆರೆವಾನಿನ ಕಣ್ಣು ಯಾವಾಗಲೂ ಕಾಲಿನಿಂದ ಮೇಲಕ್ಕೆ ಹೋಗುತ್ತದೆ. ಇವಳ ಕಣ್ಣೂ ಹಾಗೇ ಬಂತು: ಶೂ, ಕೋಟಿನ ಅಂಚು. ಅಂಚಿನಲ್ಲಿ ಬಹಳ ಹೊತ್ತು ನಿಂತಿತು. ಒಂದು ನೂಲೂ ಇಳಿಬಿದ್ದಿರಲಿಲ್ಲ. ಆಮೇಲೆ ಸೊಂಟ, ತೋಳಿನ ಗೆರೆ, ಭುಜ.

ಕೂಗಬೇಕೆಂದರೆ ದಾರ ಉಗುಳಬೇಕಿತ್ತು, ಉಗುಳಿದರೆ ಈ ಹೊಲಿಗೆ ಯಾರದೆಂದು ಹೇಳಬೇಕಿತ್ತು.

ಹೆಂಗಸು ಒಪ್ಪಿಗೆಯಾದವಳಂತೆ ತಲೆದೂಗಿ, ಮುಖದವರೆಗೆ ಬರದೆ, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೊರಟುಹೋದಳು. ಸಾತೆನಿಕ್ ನೆಟ್ಟಗೆ ನಿಂತು, ದಾರವನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿ ಹಿಡಿದಳು.